ಮೂಲೆ ಹರಿದ ಕಾರ್ಡು

ಕಳೆದ ಮಂಗಳವಾರ ಬೆಳಿಗ್ಗೆ ನನ್ನ ಮಗಳು ದೇವರ ಜಗಲಿಯ ಮುಂದೆ ಕೈ ಮುಗಿದು ನಿಂತಿದ್ದಳು.

ಇದೂ ಒಂದು ಸುದ್ದಿಯೇ ಎನ್ನುತ್ತೀರಿ. ಸುದ್ದಿಯೇ ಸ್ವಾಮಿ! ಸ್ನಾನಕ್ಕೆ ಹೋಗು ಎಂದರೆ ಅರ್ಧ ತಾಸು ವಾದ ಹೂಡುವ ಹುಡುಗಿ ಬೆಳಿಗ್ಗೆ ಏಳಕ್ಕೇ ತಲೆಗೆ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಬಳಿದುಕೊಂಡು ನಿಂತಿದ್ದಾಳೆ ಎಂದರೆ ಏನೋ ಇರಲೇಬೇಕು. ನಾನು ಚಹಾ ಸೋಸುತ್ತ ಕಿವಿಯನ್ನು ಅತ್ತ ಕೊಟ್ಟೆ. (ಹೆತ್ತವಳಿಗೆ ಅಷ್ಟು ಹಕ್ಕಿದೆ.)

"ಯವ್ವಾ ಭಾಗ್ಯವಂತಿ, ಆರ ಮಂದಿ ಬರದಂಗ ಮಾಡವ್ವಾ. ಬರೇ ಆರ ಮಂದಿ. ಘತ್ತರಗಿಗಿ ಬಂದು ನಿನ್ನ ಉಡಿ ತುಂಬ್ತೇನಿ."

ವಿಷಯ ಇಷ್ಟೇ. ಮಗಳು ವಾಣಿ ಪಿಯುಸಿ ಮುಗಿಸಿ ಕೃಷಿ ಕಾಲೇಜಿಗೆ ಅರ್ಜಿ ಹಾಕಿದ್ದಾಳೆ. ವೇಟಿಂಗ್ ಲಿಸ್ಟಿನಲ್ಲಿ ಅವಳದು ಆರನೆಯ ನಂಬರು. ಸೀಟು ಸಿಕ್ಕವರಲ್ಲಿ ಆರು ಜನ ಕೈಕೊಟ್ಟರೆ ಇವಳಿಗೆ ಸೀಟು. ಇಲ್ಲದಿದ್ದರೆ ಇಲ್ಲ.

ಅಂದಿನಿಂದ ನಮ್ಮ ಮನೆ ಮನೆಯಾಗಿ ಉಳಿದಿಲ್ಲ. ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ಲು ಕೇಳಿದರೆ ಸಾಕು, ತಾಟು ಬಿಟ್ಟು ಓಡುತ್ತಾಳೆ. ಆಳಂದದ ನಮ್ಮ ಓಣಿಯಲ್ಲಿ ಈಗ ಬೀಗರಿಗೂ ಸಿಗದ ಮರ್ಯಾದೆ ಆ ಪೋಸ್ಟ್‌ಮ್ಯಾನ್‌ಗೆ ಸಿಗುತ್ತಿದೆ. "ಚಹಾ ಕುಡೀರಿ ಅಂಕಲ್, ನೀರ ಕುಡೀರಿ ಅಂಕಲ್." ಪಾಪ, ಆತ ನಮ್ಮ ಮನೆಗೆ ಕಾಗದವಿಲ್ಲದ ದಿನ ಓಣಿ ತಪ್ಪಿಸಿ ಹಿಂದಿನ ಸಂದಿಯಿಂದ ಹೋಗುತ್ತಿದ್ದಾನಂತೆ. ಊಟವಿಲ್ಲ, ನಿದ್ದೆಯಿಲ್ಲ, ಮಾತನಾಡಿಸಿದರೆ ಮುಖ ಗಡಿಗೆ. ಇಷ್ಟಕ್ಕೂ ಈ ಹುಡುಗಿ ಪರೀಕ್ಷೆಯ ಹಿಂದಿನ ದಿನವೂ ಗಡದ್ದಾಗಿ ಮಲಗಿ ನಿದ್ದೆ ಮಾಡಿದವಳು! ಪರೀಕ್ಷೆಯಲ್ಲಾದರೂ ಬರೆಯಲು ಪೆನ್ನು ಕೈಯಲ್ಲಿರುತ್ತದೆ. ಕಾಯುವವರ ಕೈಯಲ್ಲಿ ಏನಿರುತ್ತದೆ?

ನಾನು ಚಹಾ ಕೊಟ್ಟು ಕೇಳಿದೆ. "ಅಲ್ಲಬೇ, ನಿನಗ ಸೀಟ್ ಸಿಗ್ಲಿ ಅಂತ ಬೇಡ್ಕೊ. ಮಂದಿ ಬರಬಾರದು ಅಂತ ಬೇಡ್ಕೊಂತಾರೇನು?"

"ಎರಡೂ ಒಂದ ಅಲ್ಲೇನವ್ವಾ?" ಎಂದಳು. ಆಮೇಲೆ ಸ್ವಲ್ಪ ನಾಚಿ, "ನಾ ಏನ್ ಅವರು ಸಾಯ್ಲಿ ಅಂದೇನೇನು? ಬ್ಯಾರೆ ಕಡಿ ಚಲೋ ಸೀಟ್ ಸಿಗ್ಲಿ, ಇಲ್ಲಿಗಿ ಬರೂದ ಬ್ಯಾಡ ಅಂದೇನಿ" ಎಂದು ಸೇರಿಸಿದಳು.

ನಗು ಬಂತು. ನಕ್ಕೆ. ಅರ್ಧಕ್ಕೇ ನಗು ನಿಂತಿತು. ಯಾಕೆಂದರೆ ಇದೇ ಪ್ರಾರ್ಥನೆಯನ್ನು ಇಪ್ಪತ್ತೈದು ವರ್ಷದ ಹಿಂದೆ ನಾನೂ ಮಾಡಿದ್ದೆ. ನನಗೆ ಆರು ಜನ ಬೇಕಾಗಿರಲಿಲ್ಲ. ಒಬ್ಬಳು ಸಾಕಾಗಿತ್ತು. ಅವಳಿಗೆ ಬೇರೆ ಕಡೆ ಒಳ್ಳೆಯದಾಗಲಿ ಎಂದು ಸೇರಿಸುವ ಸೌಜನ್ಯವೂ ನನಗಿರಲಿಲ್ಲ.

ಈ ಅಂಕಣದಲ್ಲಿ ನಾನು ನನ್ನ ಅಡುಗೆಮನೆಯಿಂದ ಹಿಡಿದು ಸ್ಟಾಫ್‌ರೂಮಿನವರೆಗೆ ಎಲ್ಲವನ್ನೂ ನಿಮ್ಮೆದುರು ಹರವಿದ್ದೇನೆ. ಇದೊಂದನ್ನು ಹೇಳಿರಲಿಲ್ಲ.

ನನ್ನ ಊರು ಮಣ್ಣೂರ. ಅಫಜಲಪುರ ತಾಲ್ಲೂಕು, ಭೀಮಾ ಹೊಳೆಯ ದಂಡೆ. ನನಗೆ ಟೀಚರ್ ಟ್ರೇನಿಂಗಿಗೆ ಹೋಗಬೇಕೆಂಬ ಹುಚ್ಚು. ಅರ್ಜಿ ಹಾಕಿಯಾಗಿತ್ತು. (ಕಾಲೇಜಿನ ಹೆಸರು ಬೇಡ, ಅದಿದ್ದ ಊರಿನ ಹೆಸರೂ ಬೇಡ. ಅಲ್ಲಿಯ ಉಪ್ಪು ತಿಂದಿದ್ದೇನೆ.) ಅದೇ ಹೊತ್ತಿಗೆ ಅಕ್ಕನ ಲಗ್ನ ಗೊತ್ತಾಯಿತು. ಅಪ್ಪ ಜೋಳದ ಚೀಲ ಹೊಲಿಯುತ್ತ ಕೂತಾಗ ನನ್ನ ತೀರ್ಪನ್ನೂ ಕೊಟ್ಟುಬಿಟ್ಟರು.

"ಟ್ರೇನಿಂಗ್ ಕಾಗದ ಬಂತಂದ್ರ ಹೋಗು, ನಾ ಬ್ಯಾಡ ಅನ್ನೂದಿಲ್ಲ. ಬರ್ಲಿಲ್ಲಂದ್ರ ಮುಂದಿನ ಹಂದರ ನಿಂದ."

ಅಪ್ಪ ಕೆಟ್ಟವರಲ್ಲ. ಕೊಟ್ಟ ಮಾತಿಗೆ ತಪ್ಪುವವರೂ ಅಲ್ಲ. ನನಗೆ ಹೆದರಿಕೆಯಾಗಿದ್ದು ಅದಕ್ಕೇ. ಲಗ್ನದ ಮಾತುಕತೆಗೆಂದು ಬಂದ ಹೆಂಗಸರು ಅಕ್ಕನನ್ನು ನೋಡಿ ಮುಗಿಸಿ ನನ್ನತ್ತ ತಿರುಗುತ್ತಿದ್ದರು. ಒಬ್ಬಾಕೆ ನನ್ನಿಂದ ಎರಡು ಸಲ ನೀರು ತರಿಸಿಕೊಂಡಳು. ಬಾಯಾರಿಕೆಗಲ್ಲ, ನಡಿಗೆ ನೋಡುವುದಕ್ಕೆ.

ಹಾಗಾಗಿ ನಾನು ಕಾಯುತ್ತಿದ್ದೆ. ದಿನವೂ ಮಧ್ಯಾಹ್ನ ಟಪಾಲಿನ ಶರಣಪ್ಪ ಕಾಕಾ ಬರುವ ಹೊತ್ತಿಗೆ ಬಾಗಿಲ ಕಟ್ಟೆಯ ಮೇಲೆ ಕೂರುತ್ತಿದ್ದೆ. "ಕಾಕಾ, ದೊಡ್ಡ ಲಕೋಟಿ ಇರ್ತದ ನೋಡ್ರಿ. ಖಾಕಿ ಬಣ್ಣದ್ದು. ಮ್ಯಾಲ ಸರ್ಕಾರಿ ಶಿಕ್ಕಾ ಹೊಡದಿರ್ತದ." ಯಾರು ಹೇಳಿದ್ದರು ನನಗೆ ಹಾಗಂತ? ಯಾರೂ ಇಲ್ಲ. ಕಾಲೇಜು ಎಂದ ಮೇಲೆ ಅಷ್ಟು ದೊಡ್ಡ ಲಕೋಟೆ ಇಲ್ಲದಿದ್ದರೆ ಹೇಗೆ ಎಂದು ನಾನೇ ನಿರ್ಧರಿಸಿದ್ದೆ. ಅದನ್ನೇ ಅವ್ವನಿಗೂ ಹೇಳಿದ್ದೆ, ಅಕ್ಕನಿಗೂ ಹೇಳಿದ್ದೆ, ಓಣಿಗೆಲ್ಲ ಸಾರಿದ್ದೆ. ಜಂಬ ಎಂದರೆ ಜಂಬ!

ಬಂದದ್ದು ಕಾರ್ಡು. ಪೋಸ್ಟ್ ಕಾರ್ಡು. ಇಂಗ್ಲಿಷಿನಲ್ಲಿ ಟೈಪು ಮಾಡಿದ್ದು. ಅದರ ಒಂದು ಮೂಲೆ ಹರಿದಿತ್ತು.

ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಶುಭದ ಕಾಗದವಾದರೆ ಮೂಲೆಗೆ ಅರಿಷಿಣ ಹಚ್ಚುತ್ತಾರೆ. ಸಾವಿನ ಕಾಗದವಾದರೆ ಮೂಲೆ ಹರಿಯುತ್ತಾರೆ. ಓದು ಬಾರದವರಿಗೂ ಕೈಗೆ ಬಂದ ಕೂಡಲೇ ತಿಳಿಯಲಿ ಎಂಬ ಏರ್ಪಾಡು. ಮೂಲೆ ಹರಿದ ಕಾಗದವನ್ನು ಹೊಸ್ತಿಲ ಒಳಗೆ ತರುವಂತಿಲ್ಲ. ಹೊರಗೇ ಓದಿಸಿ, ಹೊರಗೇ ಹರಿದುಹಾಕಿ, ತಲೆ ಮೇಲೆ ನೀರು ಸುರಿದುಕೊಂಡು ಒಳಗೆ ಹೋಗಬೇಕು.

ಅದು ಬಂದದ್ದು ಸೋಮವಾರ. ಅಕ್ಕನ ಅಕ್ಕಿಕಾಳು, ಅಂದರೆ ಮುಹೂರ್ತ, ಗುರುವಾರ. ಅಪ್ಪ ಲಗ್ನದ ಸಾಮಾನಿಗೆಂದು ಅಫಜಲಪುರಕ್ಕೆ ಹೋಗಿದ್ದರು. ನಾನು ಅವತ್ತೊಂದು ದಿನ ಮಾತ್ರ ಕಟ್ಟೆಯ ಮೇಲಿರಲಿಲ್ಲ. ಕೌದಿ ಒಗೆಯಲು ಹೊಳೆಗೆ ಹೋಗಿದ್ದೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಅವ್ವ ಒಬ್ಬಳೇ. ಇಂಗ್ಲಿಷ್ ಬಾರದ ಶರಣಪ್ಪ ಕಾಕಾ ವಿಳಾಸದಲ್ಲಿ ಅಪ್ಪನ ಹೆಸರನ್ನಷ್ಟೇ ಗುರುತಿಸಿ, ಕಾರ್ಡನ್ನು ದೂರದಿಂದ ಚಾಚಿ, "ಹೊರಗ ಓದಿಸ್ರಿ ಅಕ್ಕಾರ" ಎಂದು ನೀರೂ ಕುಡಿಯದೆ ಹೋದರಂತೆ. ಅವರು ಹುಡುಕುತ್ತಿದ್ದದ್ದು ಖಾಕಿ ಲಕೋಟೆಯನ್ನಲ್ಲವೇ?

ಅವ್ವನಿಗೆ ಓದು ಬರುತ್ತಿರಲಿಲ್ಲ. ಮೂಲೆ ಮಾತ್ರ ಅವಳ ಬೆರಳಿಗೆ ತಿಳಿಯಿತು. ಯಾರೋ ಹೋಗಿದ್ದಾರೆ. ಯಾರು?

ಓದಿಸಿದರೆ ಯಾರೆಂದು ಗೊತ್ತಾಗುತ್ತಿತ್ತು. ಜೊತೆಗೆ ಲಗ್ನವೂ ನಿಲ್ಲುತ್ತಿತ್ತು. ನಮ್ಮದು ಲಿಂಗವಂತರ ಮನೆ, ಶರಣರಿಗೆ ಸೂತಕವಿಲ್ಲ ಎಂದು ಅಪ್ಪ ಮಠದಲ್ಲಿ ಕೂತು ತಾಸುಗಟ್ಟಲೆ ಹೇಳುತ್ತಿದ್ದರು, ನಿಜ. ಆದರೆ ಸೂತಕವಿಲ್ಲ ಎಂದು ಹೇಳುವವರೂ ಲಗ್ನದ ಹೊತ್ತಿಗೆ ಬೀಗರ ಮುಖ ನೋಡುತ್ತಾರೆ. ಒಮ್ಮೆ ನಿಂತ ಲಗ್ನ ಮತ್ತೆ ಕೂಡುತ್ತದೆ ಎಂದು ಯಾರು ಹೇಳಬಲ್ಲರು? ಅವ್ವ ಕಾರ್ಡನ್ನು ದನದ ಕೊಟ್ಟಿಗೆಯ ಗೋಡೆಗೂಡಿನಲ್ಲಿ, ಹಗ್ಗದ ಸುರುಳಿಯ ಹಿಂದೆ ಇಟ್ಟಳು. ಬಾವಿಗೆ ಹೋಗಿ ತಲೆಗೆ ನೀರು ಹಾಕಿಕೊಂಡಳು. ಬಂದು ಮತ್ತೆ ಜೋಳ ಹಸನು ಮಾಡುತ್ತ ಕೂತಳು.

ನಾನು ಹೊಳೆಯಿಂದ ಬಂದವಳೇ ಕೇಳಿದೆ. "ಟಪಾಲ ಬಂತೇನವ್ವಾ?"

"ನಿಂದು ಬಂದಿಲ್ಲ" ಎಂದಳು ಅವ್ವ. ಅವಳು ಸುಳ್ಳಾಡಿದಳೇ? ಇಲ್ಲವಲ್ಲ!

ಅಂದಿನಿಂದ ಮನೆಯಲ್ಲಿ ಇಬ್ಬರು ಕಾಯತೊಡಗಿದೆವು. ನಾನು ಟಪಾಲಿಗೆ, ಅವ್ವ ನೆಂಟರಿಗೆ. ಒಬ್ಬೊಬ್ಬರು ಬಂಡಿಯಿಂದ ಇಳಿದಂತೆಲ್ಲ ಅವಳು ಓಡಿಹೋಗಿ ಕೈ ಹಿಡಿಯುತ್ತಿದ್ದಳು, ಮುಖ ನೋಡುತ್ತಿದ್ದಳು. "ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ರಿ?" ಎಂದು ಒಂದು ಸಲ ಕೇಳಿದರೆ ಸಾಲದು, ಹೆಸರು ಹಿಡಿದು ಕೇಳಬೇಕು. "ಸಣ್ಣವ್ವ ಬರ್ಲಿಲ್ಲೇನು?" "ಆಕೀಗಿ ಮೊಣಕಾಲ ಹಿಡದಾವ." "ಮೊಣಕಾಲಷ್ಟೇ ಹೌದಿಲ್ಲ? ಖರೇ ಹೇಳ್ರಿ." ಮಂದಿ ನಗುತ್ತಿದ್ದರು. ಮಗಳನ್ನು ಕಳಿಸುವ ಸಂಕಟಕ್ಕೆ ಇವಳ ತಲೆ ಕೆಟ್ಟಿದೆ ಎಂದುಕೊಂಡರು. ನನಗಂತೂ ಸಿಟ್ಟು ಬರುತ್ತಿತ್ತು. ನನ್ನ ಹಣೆಬರಹ ಒಂದು ಲಕೋಟೆಯಲ್ಲಿ ಎಲ್ಲೋ ಅಲೆಯುತ್ತಿದ್ದರೆ ಇವಳಿಗೆ ಸಣ್ಣವ್ವನ ಮೊಣಕಾಲಿನ ಚಿಂತೆ!

ಬುಧವಾರ ಅರಿಷಿಣ ಹಚ್ಚುವ ಹೊತ್ತಿಗೆ ಬರುವವರು ಬಂದಿದ್ದರು, ಬಾರದವರ ಸುದ್ದಿ ಬಂದಿತ್ತು. ಸೋಲಾಪುರದ ದೊಡ್ಡವ್ವ ಒಬ್ಬಳನ್ನು ಬಿಟ್ಟು. ದೊಡ್ಡವ್ವ ಎಂದರೆ ಅವ್ವನ ಸ್ವಂತ ಅಕ್ಕ. ತಾಯಿ ಸತ್ತ ಮೇಲೆ ಅವ್ವನನ್ನು ಸಾಕಿದವಳು. ಅವ್ವ ಅವತ್ತು ಅಕ್ಕನ ಕೈಗೆ ಅರಿಷಿಣ ಹಚ್ಚುತ್ತಲೇ ಇದ್ದಳು, ಹಚ್ಚಿದ್ದಲ್ಲಿಗೇ ಮತ್ತೆ ಹಚ್ಚುತ್ತಿದ್ದಳು. ಸೋಬಾನೆ ಹಾಡು ಎಂದರೆ ಹಾಡಿದಳು. ಹೇಗೆ ಹಾಡಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಗುರುವಾರ ಅಕ್ಕಿಕಾಳಿಗೆ ಇನ್ನೇನು ಒಂದು ತಾಸಿದೆ ಎನ್ನುವಾಗ ದೊಡ್ಡವ್ವ ಬೆವರು ಒರೆಸಿಕೊಳ್ಳುತ್ತ, ಬಸ್ಸಿನವನನ್ನು ಬೈಯುತ್ತ ಹಂದರದೊಳಕ್ಕೆ ಬಂದಳು. ಅವ್ವ ಅವಳ ಕೊರಳಿಗೆ ಬಿದ್ದು ಅತ್ತ ಅಳುವಿಗೆ ಬಾಜಾದವರು ಬಾರಿಸುವುದನ್ನೇ ನಿಲ್ಲಿಸಿದರು.

ಶುಕ್ರವಾರ ಬೆಳಿಗ್ಗೆ, ಅಕ್ಕ ಗಂಡನ ಮನೆಗೆ ಹೋದ ಮರುದಿನ, ಅವ್ವ ನನ್ನನ್ನು ಕೊಟ್ಟಿಗೆಗೆ ಕರೆದಳು. ಕಾರ್ಡು ತೆಗೆದು ಕೈಗಿಟ್ಟಳು.

"ಎಲ್ಲಾರೂ ಬಂದ್ರು. ಬರದವರದೂ ಕೇಳೇನಿ, ಎಲ್ಲಾರೂ ಜೀವಂತ ಅದಾರ. ಹಂಗಾದ್ರ ಇದು ಯಾರದ ಬೇ?"

ನಾನು ಓದಿದೆ. ಅದು ನನ್ನದು. ಟ್ರೇನಿಂಗ್ ಕಾಲೇಜಿನ ಇಂಟರ್‌ವ್ಯೂ ಕಾರ್ಡು. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಹಾಜರಾಗಬೇಕು, ಬರದಿದ್ದರೆ ಸೀಟು ಬೇರೆಯವರಿಗೆ ಕೊಡಲಾಗುವುದು.

ನಾನು ಅವ್ವನಿಗೆ ಅವತ್ತು ಏನೆಂದೆ ಎಂಬುದನ್ನು ಬರೆಯುವುದಿಲ್ಲ. ಬರೆದರೆ ಮುದ್ರಿಸುವುದೂ ಕಷ್ಟ. ಅವಳು ಎಲ್ಲ ಕೇಳಿಸಿಕೊಂಡಳು. ಒಳಗೆ ಹೋಗಿ ಲಗ್ನದ ಸೀರೆಯನ್ನೇ ಉಟ್ಟುಕೊಂಡು ಬಂದಳು. ಜಾತ್ರೆ, ತವರು ಬಿಟ್ಟರೆ ಬಸ್ಸು ಹತ್ತದ ಹೆಂಗಸು, ಅಪ್ಪನಿಗೆ "ಬೀಗರ ಮಂದೀನ ನೀವು ನೋಡ್ಕೋರಿ, ನಾ ಇಕಿ ಕರ್ಕೊಂಡು ಹೊಂಟೇನಿ" ಎಂದು ಹೇಳಿ ಹೊರಟೇಬಿಟ್ಟಳು. ಕೇಳಿದ್ದಲ್ಲ, ಹೇಳಿದ್ದು.

ಕಾಲೇಜು ಮುಟ್ಟಿದಾಗ ಮಧ್ಯಾಹ್ನ ಎರಡು ದಾಟಿತ್ತು. ಆಫೀಸಿನಲ್ಲಿದ್ದ ಕ್ಲರ್ಕು ಕಾರ್ಡು ನೋಡಿ, "ಅಫಜಲಪುರದವರದ ನಿನ್ನೆ ಮುಗೀತು, ಇವತ್ತ ಆಳಂದದವರದು" ಎಂದು ವಾಪಸು ಕೊಟ್ಟ. ಹೋದ ಸೀಟು ಹೋಯಿತು. ಮೇಲಿಂದ ಒಂದು ಮಾತು ಬೇರೆ. "ಏನ್ ಹಳ್ಳಿ ಪೋರಿಗೋಳೋ ಏನೋ! ಅರ್ಜಿ ಹಾಕ್ತಾರ, ಕರದ್ರ ಬರೂದಿಲ್ಲ."

ಅವ್ವ ಮೇಜಿನ ಹತ್ತಿರ ಹೋದಳು. "ಮೂಲಿ ಹರದ ಕಾಗದ ಯಾಕ ಕಳಿಸಿದ್ರಿ ಸಾಹೇಬ್ರ? ಸತ್ತವರ ಮನಿಂದ ಬರ್ತದ ಅಂಥಾದ್ದು. ನಾ ನಾಲ್ಕ ದಿನ ಯಾರು ಸತ್ತಾರ ಅಂತ ಹುಡುಕೇನಿ."

ಆ ಮನುಷ್ಯನೂ ಈ ಕಡೆಯವನೇ. ಅವನ ಮುಖ ಸಣ್ಣದಾಯಿತು. ಕಾರ್ಡುಗಳ ಮೂಲೆಗೆ ತೂತು ಹೊಡೆದು, ಟ್ಯಾಗು ಪೋಣಿಸಿ ಕಟ್ಟು ಕಟ್ಟಿ ಇಟ್ಟಿದ್ದನಂತೆ. ಟಪಾಲಿಗೆ ಹಾಕುವ ದಿನ ಜವಾನ ಟ್ಯಾಗು ಬಿಚ್ಚುವ ಗೋಜಿಗೆ ಹೋಗದೆ ಒಂದು ಕಟ್ಟನ್ನು ಹಾಗೇ ಎಳೆದಿದ್ದಾನೆ. "ಅಫಜಲಪುರ, ಜೇವರ್ಗಿ, ಎರಡೂ ಒಂದ ಕಟ್ಟಿನ್ಯಾಗ ಇದ್ವು. ನನಗ ಹೊಳೀಲಿಲ್ಲ ನೋಡ್ರಿ" ಎಂದ. ಎದ್ದು ನಮ್ಮನ್ನು ಪ್ರಿನ್ಸಿಪಾಲ್ ಬಾಯಿಯವರ (ನಮ್ಮ ಕಡೆ ಮೇಡಮ್ಮಿಗೆ ಬಾಯಿ ಎನ್ನುತ್ತೇವೆ) ಹತ್ತಿರ ಅವನೇ ಕರೆದೊಯ್ದ.

ಬಾಯಿಯವರು ಎಲ್ಲ ಕೇಳಿ, ನನ್ನ ಮಾರ್ಕ್ಸು ನೋಡಿ ಹೇಳಿದರು. "ನಿಮ್ಮ ತಾಲ್ಲೂಕಿನ ಸೀಟು ತುಂಬಿ ಹೋಯಿತಮ್ಮ. ನಾಳೆ ಜೇವರ್ಗಿಯವರ ಸರದಿ, ಎಂಟು ಹುಡುಗಿಯರು. ಅವರಲ್ಲಿ ಯಾರಾದರೂ ಬರದಿದ್ದರೆ ಆ ಸೀಟು ನಿನಗೆ. ಎಲ್ಲರೂ ಬಂದರೆ ನಾನೇನೂ ಮಾಡಲಾರೆ."

ಹೊರಗೆ ವರಾಂಡದಲ್ಲಿ ಎಂಟೂ ಹೆಸರಿನ ಪಟ್ಟಿ ಅಂಟಿಸಿತ್ತು. ಮುಂದೆ ಊರು. ನಾನು ಆ ಪಟ್ಟಿಯನ್ನು ಎಷ್ಟು ಸಲ ಓದಿದೆನೋ. ಅವ್ವ ಪಕ್ಕದಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು, ಓದು ಬಾರದಿದ್ದರೂ.

"ಈ ಪೋರಿಗೋಳ ಮನಿಗಿನೂ ಹಿಂಥಾದ್ದ ಕಾಗದ ಹೋಗಿರ್ತದಲ್ಲ ಬೇ" ಎಂದಳು. "ನನ್ನಂಥಾ ಹುಚ್ಚಿ ಅಲ್ಲಿನೂ ಒಬ್ಬಾಕಿ ಇದ್ದಾಳು. ಊರ ಹೆಸರು ಓದು. ಜೇವರ್ಗಿ ಬಸ್ಸಿನ ಕಂಡಕ್ಟರಗ ಹೇಳ್ತೇನಿ, ಒಂದ ಮಾತ ಮುಟ್ಟಿಸ್ತಾನ."

ಬಸ್ ಸ್ಟ್ಯಾಂಡು ಕಣ್ಣಳತೆಯಲ್ಲಿತ್ತು. ಜೇವರ್ಗಿಯ ಕಡೆಗೆ ಇನ್ನೂ ಬಸ್ಸುಗಳಿದ್ದವು.

"ಸುಮ್ಮ ಕೂಡವ್ವಾ" ಎಂದೆ. "ಒಮ್ಮೆ ನನ್ನ ಕೆಡಿಸಿದ್ದು ಸಾಲಲಿಲ್ಲೇನು?"

ಅವ್ವ ನನ್ನ ಮುಖ ನೋಡಿದಳು. ಮತ್ತೆ ಪಟ್ಟಿ ನೋಡಿದಳು. ನಾನು ಓದಿ ಹೇಳಿದ್ದರೆ ಅವಳು ಹೋಗಿಯೇ ಹೋಗುತ್ತಿದ್ದಳು. ನಾನು ಓದಲಿಲ್ಲ. ಗೊತ್ತಿದ್ದವರು ಯಾರೂ ಆ ಊರಿನಲ್ಲಿರಲಿಲ್ಲ, ಅವತ್ತು ಒಂದು ಮಠದಲ್ಲಿ ಉಳಿದುಕೊಂಡೆವು.

ಶನಿವಾರ ಬೆಳಿಗ್ಗೆಯಿಂದ ಕಾಲೇಜಿನ ಗೇಟಿಗೆ ಎದುರಾಗಿ ಕೂತೆ. ನಾನು ಎಷ್ಟೋ ದಿನ ಟಪಾಲಿಗೆ ಕಾದಿದ್ದೆನಲ್ಲ, ಅದು ಕಾಯುವುದೇ ಅಲ್ಲ ಎಂದು ಅವತ್ತು ತಿಳಿಯಿತು. ಬರಲಿ ಎಂದು ಕಾಯುವುದರಲ್ಲಿ ಒಂದು ಆಸೆ ಇರುತ್ತದೆ. ಬರದಿರಲಿ ಎಂದು ಕಾಯುವುದರಲ್ಲಿ ಏನಿರುತ್ತದೆ? ಗೇಟಿನೊಳಗೆ ಒಂದು ಹುಡುಗಿ ಕಾಲಿಟ್ಟರೆ ನನಗೆ ಅವಳ ಮುಖ ಕಾಣುತ್ತಿರಲಿಲ್ಲ, ನಂಬರು ಕಾಣುತ್ತಿತ್ತು. ಒಬ್ಬಳು. ಇಬ್ಬರು. ಮೂವರು. ಎಲ್ಲರ ಕೈಯಲ್ಲೂ ಮೂಲೆ ಹರಿದ ಕಾರ್ಡುಗಳು. ಒಬ್ಬಳು ತನ್ನ ಕಾರ್ಡು ಎತ್ತಿ ತೋರಿಸುತ್ತ ಹೇಳುತ್ತಿದ್ದಳು. "ನಮ್ಮಪ್ಪ ಬೇವಿನ ಗಿಡದ ಬುಡಕ ನಿಂತು ಓದ್ದ. ಮುತ್ಯಾ ಹ್ವಾದಾ ಅಂತ ನಮ್ಮವ್ವ ಆಗಲೇ ಅಳಾಕತ್ತಿದ್ಳು!" ಉಳಿದವರು ಹೊಟ್ಟೆ ಹಿಡಿದು ನಕ್ಕರು. ಅವರೆಲ್ಲರ ಮನೆಯಲ್ಲಿ ಓದು ಬಲ್ಲವರು ಒಬ್ಬರಿದ್ದರು, ಅಷ್ಟೇ.

ನಾನು ನಗಲಿಲ್ಲ. ಎಣಿಸುತ್ತಿದ್ದೆ. ಏಳಕ್ಕೆ ನಿಂತಿತು.

ಜವಾನ ಬಾಗಿಲಿಗೆ ಬಂದು ಕೂಗಿದ. "ಮಹಾದೇವಿ, ಕೊಳಕೂರ." ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿದ. ಅವನು ಮೂರನೆಯ ಸಲ ಕೂಗುವಾಗ ನಾನು ಕಣ್ಣು ಮುಚ್ಚಿ ಭಾಗ್ಯವಂತಿಯನ್ನು ನೆನೆಯುತ್ತಿದ್ದೆ. ಏನೆಂದು ನೆನೆದೆ ಎಂಬುದನ್ನು ನಿಮಗೆ ಆಗಲೇ ಹೇಳಿದ್ದೇನೆ.

ಆಮೇಲೆ ನನ್ನ ಹೆಸರು ಕರೆದರು.

ಬಾಯಿಯವರು ಕೇಳಿದ್ದು ಒಂದೇ ಪ್ರಶ್ನೆ. "ಯಾಕೆ ಟೀಚರ್ ಆಗಬೇಕು ನೀನು?" ನಾನು ತಡವರಿಸದೆ ಹೇಳಿದೆ. "ನಮ್ಮವ್ವನಂಥವರಿಗೆ ಓದು ಕಲಿಸ್ಬೇಕ್ರಿ. ಕಾಗದ ನೋಡಿ ಅವರು ಅಂಜಬಾರದ್ರಿ." ಬಾಯಿಯವರ ಕಣ್ಣು ಒದ್ದೆಯಾಯಿತು. ಬಾಗಿಲ ಹೊರಗೆ ಅವ್ವ ಕೂತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. ಹಿಂದಿನ ಮಧ್ಯಾಹ್ನ ಅವಳಿಗೊಂದು ಪಟ್ಟಿ ಓದಿ ಹೇಳದ ಹುಡುಗಿ ನಾನು!

ಊರಿಗೆ ಮರಳುವ ಬಸ್ಸಿನಲ್ಲಿ ನಮ್ಮೂರು ಹತ್ತಿರವಾದಾಗ ಅವ್ವ, "ಆ ಕೊಳಕೂರ ಪೋರಿ ಹೆಸರೇನು?" ಎಂದಳು. ಹೇಳಿದೆ. ಮುಂದಿನ ಹುಣ್ಣಿಮೆಗೆ ಘತ್ತರಗಿಗೆ ಹೋದಾಗ ಅವ್ವ ಎರಡು ಕಾಯಿ ಒಡೆಸಿದಳು. ಎರಡನೆಯದು ಯಾರ ಹೆಸರಿನದು ಎಂದು ನಾನು ಕೇಳಲಿಲ್ಲ.

ಮಹಾದೇವಿ ಯಾಕೆ ಬರಲಿಲ್ಲವೋ! ಜ್ವರ ಬಂದಿರಬಹುದು. ಬೇರೆ ಕಡೆ ಸೀಟು ಸಿಕ್ಕಿರಬಹುದು. ಅಪ್ಪ ಬೇಡವೆಂದಿರಬಹುದು. ಕಾರ್ಡು ಬಂದದ್ದೇ ಅವಳಿಗೆ ಗೊತ್ತಾಗದೆ ಹೋಗಿರಬಹುದು, ಹೊರಗೇ ಚೂರು ಮಾಡಿ ಎಸೆದು ಅವಳವ್ವ ಒಳಗೆ ಬಂದಿರಬಹುದು. ಮೊದಲಿನ ಮೂರನ್ನು ನಾನು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ನಂಬಿಕೆ ಬರುವಷ್ಟು ಸಲ ಹೇಳಿಕೊಳ್ಳಲು ಆಗಿಲ್ಲ.

ಈ ಮಾತನ್ನೆಲ್ಲ ಅವತ್ತು ಚಹಾ ಆರಿಹೋಗುವವರೆಗೆ ಮಗಳಿಗೆ ಹೇಳಿದೆ. ಬುದ್ಧಿ ಹೇಳಲು ಅಲ್ಲ. ವೇಟಿಂಗ್ ಲಿಸ್ಟಿನಲ್ಲಿ ಕೂರಿಸಿದ ಮೇಲೆ ಮಕ್ಕಳು ಇನ್ನೇನು ಬೇಡಿಕೊಳ್ಳಬೇಕು? ಇದ್ದ ಒಂದು ಕುರ್ಚಿಗೆ ಹತ್ತು ಜನರನ್ನು ಓಡಿಸಿ, ಎಡವುವವರನ್ನು ನೋಡಿ ಖುಷಿಪಡಲು ಕಲಿಸುವವರು ನಾವು. ತಪ್ಪು ದೇವರ ಮುಂದೆ ನಿಂತ ಹುಡುಗಿಯದಲ್ಲ. ಆದರೆ ಕಾಯುವ ಕಷ್ಟ ನಮ್ಮನ್ನು ಎಷ್ಟು ಸಣ್ಣವರನ್ನಾಗಿ ಮಾಡಬಲ್ಲದು ಎಂಬುದು ಅವಳಿಗೆ ಗೊತ್ತಿರಲಿ ಅನಿಸಿತು. ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೇ? ಅನುಮಾನ.

ವಾಣಿ ಆರಿದ ಚಹಾದ ಲೋಟ ಕೆಳಗಿಟ್ಟಳು. ಆಮೇಲೆ ಕೇಳಿದಳು.

"ನೀ ಜೇವರ್ಗ್ಯಾಗ ಐದ ವರ್ಷ ನೌಕರಿ ಮಾಡಿದ್ದೆಲ್ಲವ್ವಾ? ಕೊಳಕೂರ ಅಲ್ಲೇ ಸಮೀಪ ಅಲ್ಲೇನು? ಒಮ್ಮೆರ ಹೋಗಿ ಕೇಳ್ಬೇಕಿತ್ತಿಲ್ಲ, ಆಕಿ ಏನ್ ಮಾಡಾಕತ್ತಾಳ ಅಂತ?"

ಕೊಳಕೂರಿನ ಬಸ್ಸು ನಮ್ಮ ಶಾಲೆಯ ಮುಂದೆಯೇ ಹಾದುಹೋಗುತ್ತಿತ್ತು. ಐದು ವರ್ಷದಲ್ಲಿ ನಾನು ಅದಕ್ಕೆ ಒಂದು ದಿನವೂ ಕೈ ಮಾಡಲಿಲ್ಲ.